ಏರ್‌ಬ್ಯಾಗ್ ರಿಕಾಲ್: ಸೆಕೆಯೂರಿನ ಕಾರಿಗೆ ಏಳು ವರ್ಷದ ಕಾನೂನು

ಏರ್‌ಬ್ಯಾಗ್‌ನಲ್ಲಿ ದೋಷ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೇ ದೂರು: ಅಷ್ಟು ಜೋರಾಗಿ ಗುದ್ದಿದರೂ ಏರ್‌ಬ್ಯಾಗ್ ಬರಲೇ ಇಲ್ಲ. ಅಂಥ ದೋಷವೂ ಉಂಟು, ಅದಕ್ಕಾಗಿ ರಿಕಾಲ್‌ಗಳೂ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರುಗಳನ್ನು ವಾಪಸು ಕರೆಸುವುದೂ, ನಡೆದಿವೆ. ಆದರೆ ಕಾರು ಉದ್ಯಮ ಕಂಡ ಅತಿ ದೊಡ್ಡ ರಿಕಾಲ್‌ಗೆ ಕಾರಣವಾದದ್ದು ಇದಕ್ಕೆ ತದ್ವಿರುದ್ಧವಾದ ದೋಷ. ಅಲ್ಲಿ ಏರ್‌ಬ್ಯಾಗ್ ತೆರೆದುಕೊಂಡಿತು. ತೆರೆದುಕೊಳ್ಳುವ ರಭಸಕ್ಕೆ, ಅದಕ್ಕೆ ಗಾಳಿ ತುಂಬುವ ಲೋಹದ ಡಬ್ಬಿಯೇ ಒಡೆದು, ಚೂರುಗಳು ಕೂತವರ ಕುತ್ತಿಗೆಗೆ, ಮುಖಕ್ಕೆ, ಎದೆಗೆ ನಾಟಿದವು. ಬಂಪರ್ ಮಾತ್ರ ಬದಲಿಸಿ ಮನೆಗೆ ಹೋಗಬಹುದಾಗಿದ್ದ ಸಣ್ಣ ಗುದ್ದುಗಳಲ್ಲೂ ಜನ ಸತ್ತರು.

ಜಪಾನಿನ ಟಕಾಟ ಕಂಪನಿ ತಯಾರಿಸಿದ ಏರ್‌ಬ್ಯಾಗ್‌ಗಳ ಕಥೆ ಇದು. 2008ರ ನವೆಂಬರಿನಲ್ಲಿ ಹೋಂಡಾ ಅಮೆರಿಕದಲ್ಲಿ ಸುಮಾರು ನಾಲ್ಕು ಸಾವಿರ ಕಾರುಗಳನ್ನು ವಾಪಸು ಕರೆಸಿದಾಗ ಅದೊಂದು ಸಣ್ಣ ಸುದ್ದಿ. ಅಲ್ಲಿಂದ ಬೆಳೆದದ್ದು ಎಲ್ಲಿಗೆ ಮುಟ್ಟಿತೆಂದರೆ, ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ರಿಕಾಲ್ ಪಟ್ಟಿ ಸೇರಿದವು. ಜಗತ್ತಿನ ಲೆಕ್ಕ 10 ಕೋಟಿ ದಾಟಿತು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಅಲ್ಲಿ ದೃಢಪಡಿಸಿದ ಸಾವುಗಳು 28, ಗಾಯಗೊಂಡವರು ಕನಿಷ್ಠ 400. ಪರೀಕ್ಷೆಯ ಅಂಕಿ ಅಂಶಗಳನ್ನು ತಿರುಚಿ ಕಾರು ಕಂಪನಿಗಳನ್ನು ವಂಚಿಸಿದ್ದನ್ನು ಟಕಾಟ 2017ರ ಜನವರಿಯಲ್ಲಿ ಒಪ್ಪಿಕೊಂಡು 100 ಕೋಟಿ ಡಾಲರ್ ತೆರಲು ತಲೆಬಾಗಿತು. ಅದೇ ವರ್ಷದ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಅದರ ಬಹುಪಾಲು ಆಸ್ತಿ ಚೀನೀ ಒಡೆತನದ ಇನ್ನೊಂದು ಕಂಪನಿಯ ಪಾಲಾಯಿತು.

ಇಷ್ಟನ್ನೂ ಓದಿ, ದೂರದ ದೇಶದ ಹಳೆಯ ಕಥೆ ಎಂದು ಪುಟ ಮಗುಚುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಡಬ್ಬಿ ಒಂದು ಊರಿನಲ್ಲಿ ಇಪ್ಪತ್ತು ವರ್ಷ ಸುಮ್ಮನೆ ಕೂತಿರುತ್ತದೆ, ಇನ್ನೊಂದು ಊರಿನಲ್ಲಿ ಹತ್ತೇ ವರ್ಷಕ್ಕೆ ಬಾಂಬಾಗುತ್ತದೆ. ಯಾಕೆ? ಉತ್ತರದ ದೊಡ್ಡ ಪಾಲು ಮಂಗಳೂರು, ಉಡುಪಿಯವರಿಗೆ ಹೊಸತಲ್ಲ. ಸೆಕೆ.

ಸ್ಟಿಯರಿಂಗ್‌ನ ನಡುವೆ, ಹಾರ್ನ್ ಒತ್ತುವ ಜಾಗದ ಹಿಂದೆ, ಅಂಗೈಯಲ್ಲಿ ಹಿಡಿಯಬಹುದಾದ ಚಪ್ಪಟೆಯ ದುಂಡು ಲೋಹದ ಡಬ್ಬಿ ಕೂತಿರುತ್ತದೆ. ಎಡಗಡೆ ಕೂತವರ ಮುಂದೆ, ಡ್ಯಾಶ್‌ಬೋರ್ಡಿನ ಒಳಗೆ ಇರುವುದು ಕೊಳವೆಯಾಕಾರದ್ದು. ಇನ್‌ಫ್ಲೇಟರ್ ಎನ್ನುವುದು ಇದನ್ನೇ. ಒಳಗೆ ಮಾತ್ರೆ, ಬಿಲ್ಲೆಗಳಂತೆ ಅಚ್ಚು ಹಾಕಿದ ರಾಸಾಯನಿಕ. ಗುದ್ದಿದ್ದು ಸೆನ್ಸರ್‌ಗೆ ತಿಳಿದ ಕೂಡಲೇ ನಿಯಂತ್ರಣ ಘಟಕ ವಿದ್ಯುತ್ತಿನ ಕಿಡಿ ಕೊಡುತ್ತದೆ, ಬಿಲ್ಲೆಗಳು ಉರಿಯುತ್ತವೆ, ಅನಿಲ ಡಬ್ಬಿಯ ರಂಧ್ರಗಳಿಂದ ನುಗ್ಗಿ ನೈಲಾನ್ ಚೀಲ ಉಬ್ಬುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಎಲ್ಲ ಲೆಕ್ಕಾಚಾರ ನಿಂತಿರುವುದು ಆ ಬಿಲ್ಲೆ ಎಷ್ಟು ವೇಗದಲ್ಲಿ ಉರಿಯುತ್ತದೆ ಎಂಬುದರ ಮೇಲೆ. ಗಟ್ಟಿಯಾಗಿದ್ದರೆ ಹೊರಮೈಯಿಂದ ಒಳಗೆ ಅಳತೆಯಲ್ಲಿ ಉರಿಯುತ್ತದೆ. ಪೊಳ್ಳಾಗಿದ್ದರೆ, ಬಿರುಕು ಬಿಟ್ಟು ಪುಡಿಯಾಗಿದ್ದರೆ, ಉರಿಯುವ ಮೈ ಹೆಚ್ಚಾಗಿ ಎಲ್ಲವೂ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಡೆಯುವ ಶಕ್ತಿ ಡಬ್ಬಿಗಿಲ್ಲ.

ಟಕಾಟ ಬಳಸಿದ ರಾಸಾಯನಿಕ ಅಮೋನಿಯಂ ನೈಟ್ರೇಟ್. ಗೊಬ್ಬರಕ್ಕೂ, ಕಲ್ಲಿನ ಕೋರೆಯ ಸ್ಫೋಟಕಕ್ಕೂ ಬಳಕೆಯಾಗುವ ವಸ್ತು. ಅಗ್ಗ. ಅದರ ಗುಣ ಗೊತ್ತಿದ್ದ ಬೇರೆ ತಯಾರಕರಲ್ಲಿ ಹೆಚ್ಚಿನವರು ಅದರಿಂದ ದೂರ ಉಳಿದರು. ಕಾರಣ ಎರಡು. ಒಂದು, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಮರಿಗೆಯ ಅವಸ್ಥೆ ಏನಾಗುತ್ತದೆಂದು ಕರಾವಳಿಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಅಮೋನಿಯಂ ನೈಟ್ರೇಟ್ ಕೂಡ ಒಂದು ಲವಣವೇ. ಎರಡನೆಯದು ಇನ್ನೂ ಕುತೂಹಲದ್ದು. ಶುದ್ಧ ಅಮೋನಿಯಂ ನೈಟ್ರೇಟ್‌ನ ಹರಳುಗಳು ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಮ್ಮ ರಚನೆಯನ್ನೇ ಬದಲಿಸುತ್ತವೆ, ಜೊತೆಗೆ ಗಾತ್ರವನ್ನೂ. ಮಂಗಳೂರಿನ ಹಂಪನಕಟ್ಟೆಯಲ್ಲಿ ಮಳೆಯಿಲ್ಲದ ಯಾವ ಮಧ್ಯಾಹ್ನ ಬೇಕಾದರೂ ನಿಂತು ನೋಡಿ, ಆಸುಪಾಸು ಅದೇ 32 ಡಿಗ್ರಿ. ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಇನ್ನೂ ಎಷ್ಟೋ ಹೆಚ್ಚು. ಹಗಲು ಹಿಗ್ಗಿ ರಾತ್ರಿ ಕುಗ್ಗಿ, ವರ್ಷಗಟ್ಟಲೆ ಹೀಗೇ ನಡೆದರೆ ಬಿಲ್ಲೆ ಗಟ್ಟಿಯಾಗಿ ಉಳಿಯುವುದು ಹೇಗೆ? ಟಕಾಟ ಈ ಗುಣವನ್ನು ತಡೆಯುವ ಬೆರಕೆ ಹಾಕಿತ್ತು, ನಿಜ. ತೇವ ಸೇರಿದ ಮೇಲೆ ಆ ಉಪಾಯ ಸಾಲಲಿಲ್ಲ.

2016ರಲ್ಲಿ ಹತ್ತು ಕಾರು ಕಂಪನಿಗಳು ಸೇರಿ ನೇಮಿಸಿದ ಸ್ವತಂತ್ರ ತನಿಖೆಯ ತೀರ್ಮಾನವೂ ಇದೇ ಆಗಿತ್ತು. ಮೂರು ಕಾರಣ ಒಟ್ಟಿಗೆ ಸೇರಬೇಕು: ತೇವ ಹೀರುವ ಪುಡಿಯಿಲ್ಲದ ಅಮೋನಿಯಂ ನೈಟ್ರೇಟ್, ತೇವವನ್ನು ಪೂರ್ತಿ ತಡೆಯದ ಡಬ್ಬಿಯ ಜೋಡಣೆ, ಮತ್ತೆ ವರ್ಷಗಟ್ಟಲೆ ಸೆಕೆಯ ಹವೆಯಲ್ಲಿ ಬಿಸಿ ಏರಿಳಿಯುವುದು. ಮೊದಲ ಎರಡು ಕಾರ್ಖಾನೆಯ ತಪ್ಪು. ಮೂರನೆಯದು ಊರಿನದ್ದು.

ಅಮೆರಿಕ ಆ ಮೂರನೆಯದನ್ನು ಗಂಭೀರವಾಗಿ ತೆಗೆದುಕೊಂಡಿತು. ಇಡೀ ದೇಶವನ್ನು ಹವಾಮಾನದ ಲೆಕ್ಕದಲ್ಲಿ ಮೂರು ವಲಯ ಮಾಡಿ, ಫ್ಲಾರಿಡಾ, ಟೆಕ್ಸಾಸ್, ಲೂಸಿಯಾನ, ಹವಾಯಿ, ಪೋರ್ಟೊರಿಕೊದಂಥ ಸೆಕೆಯ ಪ್ರದೇಶಗಳನ್ನು ‘ಎ’ ವಲಯಕ್ಕೆ ಹಾಕಿತು. ಬದಲಿ ಭಾಗಗಳು ಸಾಕಷ್ಟು ಇಲ್ಲದಿದ್ದಾಗ ಮೊದಲ ಪಾಳಿ ಅವರಿಗೆ. ಒಣಹವೆಯ, ಚಳಿಯ ರಾಜ್ಯಗಳು ಆಮೇಲೆ. ಅಮೆರಿಕದ ಹೊರಗೆ ಸಾವುಗಳು ವರದಿಯಾದ ಜಾಗಗಳನ್ನು ನೋಡಿದರೂ ಅದೇ ನಕ್ಷೆ. ಮಲೇಷ್ಯಾದಲ್ಲಿ ಹಲವು ಸಾವು, ಅವುಗಳಲ್ಲಿ ನಮ್ಮ ರಸ್ತೆಗಳಲ್ಲೂ ಓಡುವ ಹೋಂಡಾ ಸಿಟಿಯೂ ಇತ್ತು. ಫ್ರಾನ್ಸಿನಲ್ಲಿ ಸಾವುಗಳು ಹೆಚ್ಚಾಗಿ ಕಂಡದ್ದು ಯುರೋಪಿನ ನೆಲದಲ್ಲಲ್ಲ, ಕೆರಿಬಿಯನ್ ಮತ್ತು ಹಿಂದೂ ಮಹಾಸಾಗರದ ಅದರ ದ್ವೀಪಗಳಲ್ಲಿ. 2025ರ ಜೂನ್‌ನಲ್ಲಿ ಫ್ರಾನ್ಸಿನ ಒಳನಾಡಿನಲ್ಲೇ ಒಂದು ಸಾವಾದ ಮೇಲೆ ಅಲ್ಲಿನ ಸರಕಾರ ಹಳೆಯ ಸಿಟ್ರೊಯೆನ್ ಸಿ3 ಕಾರುಗಳನ್ನು ರಸ್ತೆಗಿಳಿಸಲೇಬೇಡಿ ಎಂದು ಆದೇಶಿಸಿತು. 2008ರಲ್ಲಿ ಶುರುವಾದ ಕಥೆ ಇನ್ನೂ ಮುಗಿದಿಲ್ಲ ಎನ್ನುವುದಕ್ಕೆ ಇದು ಸಾಕು.

ಈಗ ನಮ್ಮ ದೇಶದ ನಕ್ಷೆ ಬಿಡಿಸಿ ಅದೇ ಅಳತೆಗೋಲು ಇಡಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ, ಮಳೆಗಾಲದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವಷ್ಟು ತೇವ, ಬೇಸಗೆಯಲ್ಲಿ ಬೆವರು ಆರದ ಹವೆ. ಕಾಸರಗೋಡಿನಿಂದ ಕಾರವಾರದ ತನಕದ ಈ ಪಟ್ಟಿ ಯಾವ ಲೆಕ್ಕದಲ್ಲೂ ‘ಎ’ ವಲಯಕ್ಕೇ ಸೇರಬೇಕು. ಬೀದರಿನಲ್ಲಿ ಹತ್ತು ವರ್ಷ ಓಡಿದ ಕಾರು, ಬೈಂದೂರಿನಲ್ಲಿ ಹತ್ತು ವರ್ಷ ನಿಂತ ಕಾರು ಒಂದೇ ಅಲ್ಲ. ನಮ್ಮ ರಿಕಾಲ್ ವ್ಯವಸ್ಥೆಗೆ ಮಾತ್ರ ಎರಡೂ ಒಂದೇ.

ಭಾರತದಲ್ಲಿ ರಿಕಾಲ್ ನಡೆದೇ ಇಲ್ಲ ಎಂದೇನಲ್ಲ. ಹೋಂಡಾ 2016ರ ಜುಲೈಯಲ್ಲಿ ಟಕಾಟ ಏರ್‌ಬ್ಯಾಗ್ ಬದಲಿಸಲು ಸಿಟಿ, ಜಾಝ್, ಸಿವಿಕ್, ಸಿಆರ್-ವಿ ಸೇರಿ ಸುಮಾರು 1.9 ಲಕ್ಷ ಕಾರುಗಳನ್ನು ಕರೆಸಿತು. 2017ರ ಜನವರಿಯಲ್ಲಿ 2012ರ ತಯಾರಿಯ 41,580 ಕಾರುಗಳು, 2018ರ ಜನವರಿಯಲ್ಲಿ 2013ರ ತಯಾರಿಯ 22,834. ಆ ಬಳಿಕ 2019ರ ಏಪ್ರಿಲ್‌ನಲ್ಲಿ 3,669 ಅಕಾರ್ಡ್‌ಗಳು, ಅವು 2003ರಿಂದ 2006ರೊಳಗೆ ತಯಾರಾದವು. ಟೊಯೋಟಾ 2017ರಲ್ಲಿ 23 ಸಾವಿರದಷ್ಟು ಕೊರೊಲಾ ಆಲ್ಟಿಸ್ ಕರೆಸಿತು. ಕೊನೆಯ ಅಕಾರ್ಡ್ ಪಟ್ಟಿಯನ್ನು ನೆನಪಿನಲ್ಲಿಡಿ. ಕರೆಸುವಾಗ ಆ ಕಾರುಗಳ ವಯಸ್ಸು ಹನ್ನೆರಡು ದಾಟಿತ್ತು.

ಇತ್ತೀಚೆಗೆ ಸುದ್ದಿಯಾದವು ಬೇರೆ ಜಾತಿಯವು. 2022ರ ಅಕ್ಟೋಬರಿನಲ್ಲಿ ಕಿಯಾ 44,174 ಕಾರೆನ್ಸ್ ಕಾರುಗಳನ್ನು ಏರ್‌ಬ್ಯಾಗ್ ನಿಯಂತ್ರಣ ಘಟಕದ ಸಾಫ್ಟ್‌ವೇರ್ ತಪಾಸಣೆಗೆ ಕರೆಯಿತು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಆಲ್ಟೊ ಕೆ10, ಬಲೆನೊ, ಬ್ರೆಝಾ, ಗ್ರ್ಯಾಂಡ್ ವಿಟಾರ ಮುಂತಾದ 17,362 ಕಾರುಗಳ ಅದೇ ಘಟಕ ಬದಲಿಸಲು ಹೊರಟಿತು. ಭಾಗ ಬದಲಾಯಿಸುವ ತನಕ ಕಾರು ಓಡಿಸಬೇಡಿ ಎಂದೂ ಹೇಳಿತು. ಇಲ್ಲಿ ಭಯ ಇದ್ದದ್ದು ಏರ್‌ಬ್ಯಾಗ್ ತೆರೆಯದೇ ಹೋಗುವುದರ ಬಗ್ಗೆ. ಕಾರುಗಳು ಹೊಸತು, ಕೆಲವೇ ತಿಂಗಳುಗಳ ಈಚೆಗೆ ತಯಾರಾದವು. ಮಾಲೀಕ ಯಾರೆಂದು ಶೋರೂಮಿಗೆ ಗೊತ್ತು, ಫೋನ್ ನಂಬರ್ ಬದಲಾಗಿರುವುದಿಲ್ಲ, ಮೊದಲ ಸರ್ವಿಸ್ ಇನ್ನೂ ಬಾಕಿ. ಇಂಥ ರಿಕಾಲ್ ಸಲೀಸಾಗಿ ಮುಗಿಯುತ್ತದೆ. ಪತ್ರಿಕೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದೂ ಇಂಥವೇ.

ತೊಂದರೆ ಇರುವುದು ಇನ್ನೊಂದು ಜಾತಿಯಲ್ಲಿ. ಹೊಸತಿದ್ದಾಗ ಸರಿಯಾಗಿಯೇ ಇದ್ದು, ಹವೆಗೆ ಮೈಯೊಡ್ಡಿ ನಿಧಾನಕ್ಕೆ ಕೆಡುವ ಭಾಗಗಳಲ್ಲಿ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿಯಿಂದ 110ಎ ಎಂಬ ಸೆಕ್ಷನ್ ಸೇರಿತು. ಅದರ ಪ್ರಕಾರ ದೋಷವಿರುವ ವಾಹನಗಳನ್ನು ವಾಪಸು ಕರೆಸುವಂತೆ ಕೇಂದ್ರ ಸರಕಾರ ತಯಾರಕರಿಗೆ ಆದೇಶಿಸಬಹುದು. ಅದಕ್ಕೂ ಮೊದಲು ಇದ್ದದ್ದು 2012ರಲ್ಲಿ ಕಾರು ತಯಾರಕರ ಸಂಘ ತಾನೇ ಮಾಡಿಕೊಂಡ ಸ್ವಯಂಪ್ರೇರಿತ ನೀತಿ ಮಾತ್ರ. ಹೊಸ ಸೆಕ್ಷನ್‌ಗೆ ಬೇಕಾದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಕಡ್ಡಾಯ ರಿಕಾಲ್ ಆದರೆ ತಯಾರಕರಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ ದಂಡ. ಕಾಗದದ ಮೇಲೆ ಒಳ್ಳೆಯ ಹೆಜ್ಜೆ, ಸಂಶಯವಿಲ್ಲ. ಆದರೆ ಆ ನಿಯಮದಲ್ಲಿ ಎರಡು ಷರತ್ತುಗಳಿವೆ. ಅವನ್ನು ಬರೆದವರು ಸೆಕೆಯ ಊರನ್ನು ಕಂಡವರಲ್ಲ ಎಂದು ನನಗನಿಸುತ್ತದೆ.

ಮೊದಲನೆಯದು ವಯಸ್ಸು. ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ ಈ ನಿಯಮ. ಬ್ರೇಕ್ ಪೈಪು, ಸ್ಟಿಯರಿಂಗ್ ಕೊಂಡಿ, ಇಂಧನ ಪಂಪುಗಳಂಥ ತಯಾರಿಕೆಯ ದೋಷಗಳು ಸಾಮಾನ್ಯವಾಗಿ ಬೇಗ ಬಯಲಾಗುತ್ತವೆ, ಅವುಗಳಿಗೆ ಏಳು ವರ್ಷ ಧಾರಾಳವಾಯಿತು. ಇನ್‌ಫ್ಲೇಟರ್ ಕೆಡುವ ಲೆಕ್ಕವೇ ಬೇರೆ. ಅದರ ಅಪಾಯ ವಯಸ್ಸಿನ ಜೊತೆ ಏರುತ್ತ ಹೋಗುತ್ತದೆ. 2016ರಲ್ಲಿ ಅಮೆರಿಕದವರು 2001ರಿಂದ 2003ರ ತಯಾರಿಯ ಕೆಲವು ಹೋಂಡಾಗಳ ಡಬ್ಬಿಗಳನ್ನು ಪರೀಕ್ಷಿಸಿದಾಗ, ಒಡೆಯುವ ಸಾಧ್ಯತೆ ಶೇ. 50ರ ತನಕ ಇದೆ ಎಂದು ಕಂಡಿತು. ಸಿಡಿಯಿತೋ ಇಲ್ಲವೋ ಎಂದು ನಾಣ್ಯ ಚಿಮ್ಮಿದರೂ ಅದೇ ಫಲಿತಾಂಶ. ಆ ಕಾರುಗಳಿಗೆ ಆಗ ಹದಿಮೂರರಿಂದ ಹದಿನೈದು ವರ್ಷ. ನಮ್ಮ ನಿಯಮದ ಪ್ರಕಾರ ಅವು ಕಡ್ಡಾಯ ರಿಕಾಲ್‌ನ ವ್ಯಾಪ್ತಿಗೇ ಬರುವುದಿಲ್ಲ. ಇಲ್ಲಿ 2003ರ ಅಕಾರ್ಡ್‌ಗಳನ್ನು ಹೋಂಡಾ ಕರೆಸಿದ್ದು ತನ್ನ ಜಾಗತಿಕ ನೀತಿಯಂತೆ, ತಾನಾಗಿ. ಅಂದರೆ ಈ ವಿಷಯದಲ್ಲಿ ಕಂಪನಿ ತಾನಾಗಿ ಮಾಡಿದಷ್ಟನ್ನು ಮಾಡಿಸುವ ಶಕ್ತಿಯೂ ನಮ್ಮ ಕಾನೂನಿಗಿಲ್ಲ.

ಎರಡನೆಯದು ದೂರಿನ ಲೆಕ್ಕ. ಒಂದು ಮಾದರಿಯ ಮಾರಾಟಕ್ಕೆ ತಕ್ಕಂತೆ ಇಂತಿಷ್ಟು ಮಾಲೀಕರು ದೂರು ಕೊಟ್ಟರೆ ವಿಚಾರಣೆಯ ಗಾಡಿ ಹೊರಡುತ್ತದೆ. ಎಂಜಿನ್ ಶಬ್ದ, ಗೇರ್ ಸಿಕ್ಕಿಕೊಳ್ಳುವುದು ಇಂಥವಕ್ಕೆ ಈ ದಾರಿ ಸರಿ. ಏರ್‌ಬ್ಯಾಗಿನ ಡಬ್ಬಿಯೊಳಗೆ ಬಿಲ್ಲೆ ಪುಡಿಯಾಗಿದೆ ಎಂದು ಯಾವ ಮಾಲೀಕ ದೂರು ಕೊಡಲು ಸಾಧ್ಯ? ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಲೈಟ್ ಕೂಡ ಅದನ್ನು ಹೇಳುವುದಿಲ್ಲ. ಅದು ನೋಡುವುದು ತಂತಿ, ಸೆನ್ಸರ್, ಘಟಕಗಳ ವಿದ್ಯುತ್ ಸಂಪರ್ಕವನ್ನು, ರಾಸಾಯನಿಕದ ಸ್ಥಿತಿಯನ್ನಲ್ಲ. ಮೊದಲ ದೂರು ಬರುವುದೇ ಡಬ್ಬಿ ಒಡೆದ ಮೇಲೆ. ಪರೀಕ್ಷಾ ಸಂಸ್ಥೆಯ ವರದಿ ಅಥವಾ ಬೇರೆ ಮೂಲದ ಮಾಹಿತಿ ಆಧರಿಸಿಯೂ ಸರಕಾರ ಆದೇಶ ಕೊಡಬಹುದು ಎಂದು ಕಾಯ್ದೆಯಲ್ಲಿದೆ. ಇಂಥ ದೋಷಗಳಿಗೆ ಬಳಸಬೇಕಾದ್ದು ಆ ಬಾಗಿಲನ್ನು.

ಒಡೆದ ಮೇಲಾದರೂ ಅದು ಗೊತ್ತಾಗುತ್ತದೆಯೇ? 2014ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಅಪಘಾತಕ್ಕೀಡಾದ ಮಹಿಳೆಯೊಬ್ಬರ ಕುತ್ತಿಗೆಯ ಗಾಯ ನೋಡಿದ ಪೊಲೀಸರು ಮೊದಲು ಅದನ್ನು ಚೂರಿ ಇರಿತ ಎಂದೇ ಭಾವಿಸಿ ಕೊಲೆಯ ತನಿಖೆ ಶುರುಮಾಡಿದ್ದರು. ಅವರು ಸತ್ತ ಮೇಲೆ ಮನೆಗೆ ರಿಕಾಲ್ ಪತ್ರ ಬಂತು. ಅಲ್ಲಿಯ ಪೊಲೀಸರೇ ಹಾಗೆ ಎಡವಿದರೆ ನಮ್ಮಲ್ಲಿ? ಅಪಘಾತದ ಕೇಸುಗಳಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ (ಸಾರಿಗೆ ಇಲಾಖೆಯ ವಾಹನ ನಿರೀಕ್ಷಕ) ಕೊಡುವ ವರದಿಯನ್ನು ಓದಿದವರಿಗೆ ಗೊತ್ತು. ಎಲ್ಲೆಲ್ಲಿ ಜಖಂ ಆಗಿದೆ ಎಂಬ ಪಟ್ಟಿ, ಬ್ರೇಕ್ ಸ್ಥಿತಿ, ಕೊನೆಗೆ ‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಆದದ್ದಲ್ಲ’ ಎಂಬ ಸಾಲು. ಆ ಸಾಲು ತಪ್ಪೂ ಅಲ್ಲ. ಅಪಘಾತ ಆದದ್ದು ದೋಷದಿಂದಲ್ಲ, ಆದರೆ ಸಾವು ಯಾವುದರಿಂದ ಆಯಿತು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ. ಹೆದ್ದಾರಿ 66ರಲ್ಲಿ ಜಜ್ಜಿಹೋದ ಕಾರಿನೊಳಗೆ ಚೂಪಾದ ಲೋಹದ ತುಂಡು ಸಿಕ್ಕರೆ ಅದು ಬಾನೆಟ್ಟಿನದ್ದೋ ಇನ್‌ಫ್ಲೇಟರಿನದ್ದೋ ಎಂದು ನೋಡುವ ಅಭ್ಯಾಸ ಯಾರಿಗೂ ಇಲ್ಲ. ಏರ್‌ಬ್ಯಾಗ್ ಚೀಲ ಹರಿದಿದೆಯೇ, ಅದರ ಹಿಂದಿನ ಡಬ್ಬಿ ಇಡಿಯಾಗಿ ಉಳಿದಿದೆಯೇ ಎಂಬ ಎರಡು ಪ್ರಶ್ನೆ ಆ ವರದಿಗೆ ಸೇರಿಸಿದರೆ ಖರ್ಚೇನೂ ಇಲ್ಲ.

ಇನ್ನು ಕರಾವಳಿಯ ಕಾರುಗಳ ಸಂಚಾರದ ವಿಚಾರ. ಇಲ್ಲಿ ಕಾರು ಒಬ್ಬನ ಹೆಸರಿನಲ್ಲಿ ಇರುವುದು, ಓಡಿಸುವವನು ಇನ್ನೊಬ್ಬ. ಗಲ್ಫ್‌ನಲ್ಲಿರುವ ಮಗ ಊರಿಗೆ ಬಂದಾಗ ಓಡಿಸಲೆಂದು ತೆಗೆದ ಕಾರು ವರ್ಷದ ಹತ್ತು ತಿಂಗಳು ಟಾರ್ಪಲ್ ಹೊದ್ದು ಅಂಗಳದಲ್ಲಿ ನಿಂತಿರುತ್ತದೆ. ವಾರಕ್ಕೊಮ್ಮೆ ಅಪ್ಪ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾರೆ, ಬ್ಯಾಟರಿ ಉಳಿಯಲಿ ಎಂದು. ಮೀಟರಿನಲ್ಲಿ ಕಿಲೋಮೀಟರ್ ಕಡಿಮೆ. ಹಾಗಾಗಿ ಮಾರುವಾಗ ಒಳ್ಳೆಯ ರೇಟು. ಇಂಥ ಕಾರು ಹೆಚ್ಚು ಓಡಿದ ಕಾರಿಗಿಂತ ಮೇಲು ಎಂದು ಎಲ್ಲರ ಲೆಕ್ಕ. ಟಯರ್, ಕ್ಲಚ್ ವಿಷಯದಲ್ಲಿ ಅದು ಸರಿಯೇ. ಇನ್‌ಫ್ಲೇಟರಿಗೆ ಕಿಲೋಮೀಟರ್ ಲೆಕ್ಕವಿಲ್ಲ. ಅದಕ್ಕಿರುವುದು ಮಳೆಗಾಲಗಳ ಲೆಕ್ಕ.

ಪರಿಚಿತರೊಬ್ಬರಿಗೆ ಹಳೆಯ ಸೆಡಾನ್ ನೋಡಲೆಂದು ಉಡುಪಿ ದಾರಿಯಲ್ಲಿ ಹಳೆಯ ಕಾರು ಮಾರುವ ಒಂದು ಯಾರ್ಡಿಗೆ ಹೋಗಿದ್ದೆವು. ಹೊಳೆಯುವ ಹಾಗೆ ಪಾಲಿಶ್ ಮಾಡಿದ 2012ರ ಕಾರು, ಕೆಎ-19 ನಂಬರು, ಮೂರನೇ ಕೈ. ಬಾನೆಟ್ ಎತ್ತಿ ತೋರಿಸಿದರು, ಎ.ಸಿ. ಹಾಕಿ ತೋರಿಸಿದರು. ಏರ್‌ಬ್ಯಾಗ್ ರಿಕಾಲ್ ಕೆಲಸ ಆಗಿದೆಯಾ ಎಂದು ಕೇಳಿದ್ದಕ್ಕೆ ಯಾರ್ಡಿನವರಿಗೆ ನಿಜವಾಗಿಯೂ ಆಶ್ಚರ್ಯ. “ಎಂಥ ರಿಕಾಲ್ ಮಾರಾಯ್ರೇ? ಆರ್‌ಸಿ ಕ್ಲಿಯರ್ ಉಂಟು, ಇನ್ಶೂರೆನ್ಸ್ ಉಂಟು, ಲೋನ್ ಇಲ್ಲ. ಲೈಟ್ ಯಾವುದಾದ್ರೂ ಉರೀತಾ ಉಂಟಾ ನೋಡಿ. ಮತ್ತೆಂಥ ಬೇಕು?” ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕಾರು ಕೈ ಬದಲಿಸುವಾಗಲೆಲ್ಲ ಯಾರೂ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ. ಆರ್‌ಸಿ ವರ್ಗಾವಣೆಗೆ 29, 30ನೇ ಫಾರಂ ಬೇಕು, ವಿಮೆ ಬೇಕು, ಹೊಗೆ ತಪಾಸಣೆಯ ಚೀಟಿ ಬೇಕು. ರಿಕಾಲ್ ಕೆಲಸ ಮುಗಿದಿದೆ ಎಂಬ ಕಾಗದ ಬೇಡ.

ಕಂಪನಿಯ ಪತ್ರ ಹೋಗುವುದು ಅದರ ಪುಸ್ತಕದಲ್ಲಿರುವ ವಿಳಾಸಕ್ಕೆ, ಹೆಚ್ಚಾಗಿ ಮೊದಲ ಮಾಲೀಕನಿಗೆ. ಅವನು ಕಾರು ಮಾರಿ ಎಷ್ಟೋ ಕಾಲವಾಗಿರುತ್ತದೆ. ವಾರಂಟಿ ಮುಗಿದ ಮೇಲೆ ಕಾರು ಕಂಪನಿ ಸರ್ವಿಸ್ ಸೆಂಟರಿನ ಕಡೆ ತಲೆಹಾಕುವುದಿಲ್ಲ, ಊರಿನ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿ ಕೆಲಸ ಚೆನ್ನಾಗಿಯೇ ಆಗುತ್ತದೆ, ಆದರೆ ಕಂಪನಿಯ ಕಂಪ್ಯೂಟರಿಗೆ ಆ ಕಾರು ಕಾಣೆಯಾದ ಹಾಗೆ. ಶೋರೂಮಿನಿಂದ ಫೋನ್ ಬಂದರೂ ಇನ್ಶೂರೆನ್ಸ್‌ನವರು, ಎಕ್ಸ್‌ಚೇಂಜ್ ಮೇಳದವರು ಎಂದುಕೊಂಡು ಅರ್ಧಕ್ಕೇ ಕಟ್ ಮಾಡುವವರು ನಾವೆಲ್ಲ. ಹೀಗೆ ರಿಕಾಲ್ ಪಟ್ಟಿಯಲ್ಲಿ ಕೊನೆಗೆ ಉಳಿಯುವ ಕಾರುಗಳು ಯಾವುವು? ಹಳೆಯವು, ಹಲವು ಕೈ ದಾಟಿದವು, ಕಡಿಮೆ ಬೆಲೆಗೆ ಬಂದವು. ಅಪಾಯ ಹೆಚ್ಚಿರುವುದೂ ಅವುಗಳಲ್ಲೇ.

ಆಸ್ಟ್ರೇಲಿಯಾ ಈ ಗಂಟನ್ನು ಬಿಡಿಸಿದ ರೀತಿ ನೋಡಬೇಕು. 2018ರಲ್ಲಿ ಅಲ್ಲಿನ ಸರಕಾರ ಟಕಾಟ ರಿಕಾಲನ್ನು ಕಡ್ಡಾಯ ಮಾಡಿ, ಸುಮಾರು 30 ಲಕ್ಷ ವಾಹನಗಳ ಕೆಲಸ ಮುಗಿಸಲು 2020ರ ಕೊನೆಯ ತನಕ ಗಡುವು ಕೊಟ್ಟಿತು. ಬದಲಿಸದ ಕಾರುಗಳ ನೋಂದಣಿಯನ್ನು ನವೀಕರಿಸಲು ರಾಜ್ಯಗಳು ನಿರಾಕರಿಸತೊಡಗಿದವು. ಗಡುವು ಮುಗಿಯುವಾಗ ಪಟ್ಟಿಯಲ್ಲಿ ಉಳಿದದ್ದು ನೂರರಲ್ಲಿ ಒಂದು ಪಾಲಿಗೂ ಕಡಿಮೆ. ಜಪಾನ್ ಕೂಡ 2018ರ ಮೇಯಿಂದ ಅಪಾಯಕಾರಿ ಡಬ್ಬಿ ಬದಲಿಸದ ಕಾರುಗಳಿಗೆ ಕಡ್ಡಾಯ ವಾಹನ ತಪಾಸಣೆಯಲ್ಲಿ ಪಾಸ್ ಕೊಡುವುದನ್ನು ನಿಲ್ಲಿಸಿತು. ಪತ್ರ ಬರೆದು ಕಾಯುವುದರಿಂದ ಆಗದ್ದು ಒಂದು ಮುದ್ರೆ ತಡೆದದ್ದರಿಂದ ಆಯಿತು.

ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ ಮೊದಲ ಸಲ ನವೀಕರಣಕ್ಕೆ ಬರುವುದೇ 15 ವರ್ಷದ ಬಳಿಕ, ಅಷ್ಟು ಕಾಯಲಾಗದು. ಆದರೆ ವಿಮೆ ವರ್ಷವರ್ಷವೂ ಉಂಟು, ಮಾಲೀಕತ್ವ ವರ್ಗಾವಣೆ ಉಂಟು, ಬೇರೆ ರಾಜ್ಯದಿಂದ ಬರುವ ಕಾರಿಗೆ ಎನ್‌ಒಸಿ ಉಂಟು. ಈಗ ಇವೆಲ್ಲ ‘ವಾಹನ್’ ಕಂಪ್ಯೂಟರ್ ಜಾಲದ ಮೂಲಕವೇ ಸಾಗುತ್ತವೆ. ಚಾಸಿ ನಂಬರ್ ಹೊಡೆದಾಗ ಬಾಕಿ ದಂಡ ಕಾಣಿಸುತ್ತದೆ, ಸಾಲ ಕಾಣಿಸುತ್ತದೆ. ಬಾಕಿ ರಿಕಾಲ್ ಕೂಡ ಕಾಣಿಸುವಂತೆ ಮಾಡುವುದು ತಾಂತ್ರಿಕವಾಗಿ ದೊಡ್ಡ ಕೆಲಸವಲ್ಲ, ಕಂಪನಿಗಳು ಪಟ್ಟಿ ಕೊಡಬೇಕು ಅಷ್ಟೆ. ಇಷ್ಟರ ಜೊತೆಗೆ ಏಳು ವರ್ಷದ ಷರತ್ತನ್ನು ಏರ್‌ಬ್ಯಾಗ್‌ನ ಮಟ್ಟಿಗಾದರೂ ತೆಗೆಯಬೇಕು, ಬದಲಿ ಭಾಗಗಳ ಹಂಚಿಕೆಯಲ್ಲಿ ಕರಾವಳಿ ಜಿಲ್ಲೆಗಳಿಗೆ ಮೊದಲ ಪಾಳಿ ಕೊಡಬೇಕು. ನಮ್ಮ ಸಂಸದರು ಹೆದ್ದಾರಿ ಅಗಲೀಕರಣ, ಮೇಲ್ಸೇತುವೆಗಳ ಬಗ್ಗೆ ಸಾರಿಗೆ ಸಚಿವಾಲಯಕ್ಕೆ ಬರೆಯುವ ಪತ್ರಗಳ ಜೊತೆ ಇದನ್ನೂ ಒಂದು ಪುಟ ಸೇರಿಸಬಹುದು.

ಇದನ್ನೆಲ್ಲ ಕೇಳಿ ಕೆಲವರು ಏರ್‌ಬ್ಯಾಗ್ ಸಹವಾಸವೇ ಬೇಡ, ಫ್ಯೂಸ್ ಕಿತ್ತುಬಿಡುವ ಎನ್ನುತ್ತಾರೆ. ದಯವಿಟ್ಟು ಬೇಡ. ಮುಂಭಾಗದ ಏರ್‌ಬ್ಯಾಗ್‌ಗಳು 2017ರ ತನಕದ ಮೂವತ್ತು ವರ್ಷಗಳಲ್ಲಿ ಅಮೆರಿಕ ಒಂದರಲ್ಲೇ 50 ಸಾವಿರಕ್ಕೂ ಹೆಚ್ಚು ಜೀವ ಉಳಿಸಿವೆ ಎಂಬುದು ಅಲ್ಲಿನ ಸರಕಾರದ ಅಂದಾಜು. ಅದೇ ದೇಶದಲ್ಲಿ ಟಕಾಟ ಡಬ್ಬಿಗಳಿಂದಾದ 28 ಸಾವುಗಳ ಪಕ್ಕದಲ್ಲಿ ಈ ಸಂಖ್ಯೆಯನ್ನು ಇಟ್ಟು ನೋಡಿ. ಇಂದು ತಯಾರಾಗುವ ಕಾರುಗಳ ಡಬ್ಬಿಯಲ್ಲಿ ಬೇರೆ ರಾಸಾಯನಿಕಗಳಿವೆ. ಪಟ್ಟಿಯಲ್ಲಿ ಇಲ್ಲದ ಕಾರಿನವರು ಗಾಬರಿಯಾಗುವ ಅಗತ್ಯವೇ ಇಲ್ಲ. ಇರುವವರು ಬದಲಿಸಿಕೊಂಡರೆ ಮುಗಿಯಿತು.

ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ಬೇಕಾದ್ದು 17 ಅಕ್ಷರ, ಅಂಕೆಗಳ ಚಾಸಿ ನಂಬರ್. ಆರ್‌ಸಿಯಲ್ಲಿ ಉಂಟು, ವಿಮೆಯ ಕಾಗದದಲ್ಲೂ ಉಂಟು. ಮಾರುತಿಯಾದರೆ ಎಂಎ3, ಹೋಂಡಾ ಆದರೆ ಎಂಎಕೆ, ಟೊಯೋಟಾ ಆದರೆ ಎಂಬಿಜೆ ಎಂದು ಶುರುವಾಗುತ್ತದೆ. ಕಂಪನಿಯ ವೆಬ್‌ಸೈಟಿನ ರಿಕಾಲ್ ಪುಟದಲ್ಲಿ ಅದನ್ನು ಹಾಕಿದರೆ ಉತ್ತರ ಬರುತ್ತದೆ. ಈ ನಂಬರಿನಲ್ಲಿ ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ಸೊನ್ನೆಯ ಜಾಗದಲ್ಲಿ ಓ ಹೊಡೆದು, ‘ಮಾಹಿತಿ ಇಲ್ಲ’ ಎಂದು ಬಂದದ್ದನ್ನು ‘ದೋಷ ಇಲ್ಲ’ ಎಂದುಕೊಂಡವರು ಇರಬಹುದು, ಹಾಗಾಗಿ ಈ ಮಾತು. ಕಂಪ್ಯೂಟರ್ ರಗಳೆ ಬೇಡವೆಂದರೆ ಯಾವುದಾದರೂ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ನಂಬರ್ ಓದಿ ಹೇಳಿದರೂ ಆಯಿತು. ನೀವು ಎಷ್ಟನೇ ಮಾಲೀಕರು, ಕೊನೆಯ ಸರ್ವಿಸ್ ಎಲ್ಲಿ ಮಾಡಿಸಿದ್ದು ಎಂಬುದು ಇಲ್ಲಿ ಮುಖ್ಯವಲ್ಲ. ರಿಕಾಲ್ ಕೆಲಸಕ್ಕೆ ದುಡ್ಡಿಲ್ಲ.

ಒಮ್ಮೆ ನೋಡಿ ಸುಮ್ಮನಾಗುವುದೂ ಸಾಲದು, ಪಟ್ಟಿಗಳು ಬೆಳೆಯುತ್ತ ಹೋಗುತ್ತವೆ. ಅಮೆರಿಕದಲ್ಲಿ ಮೊದಲ ಸುತ್ತಿನಲ್ಲಿ ಹಳೆಯ ಡಬ್ಬಿ ತೆಗೆದು ಅದೇ ಮಾದರಿಯ ಹೊಸ ಡಬ್ಬಿ ಕೂರಿಸಿದ ಕಾರುಗಳನ್ನು ಎರಡನೇ ಸಲ ಕರೆಸಬೇಕಾಯಿತು. ಡ್ರೈವರ್ ಕಡೆಯದ್ದು ಬದಲಾಗಿ ಪಕ್ಕದ ಸೀಟಿನದ್ದು ಬಾಕಿ ಉಳಿದಿರುವುದೂ ಉಂಟು. ಅದಕ್ಕೇ ಕೆಲಸ ಮುಗಿದ ಮೇಲೆ ಜಾಬ್ ಕಾರ್ಡಿನ (ಮಾಡಿದ ಕೆಲಸದ ವಿವರವಿರುವ ಸರ್ವಿಸ್ ಸೆಂಟರಿನ ಚೀಟಿ) ಪ್ರತಿ ಕೇಳಿ ಪಡೆಯಬೇಕು, ಯಾವ ಬದಿಯ ಏರ್‌ಬ್ಯಾಗ್, ಯಾವ ದಿನ ಎಂದು ಬರೆಸಿಕೊಳ್ಳಬೇಕು. ಕಾರು ಮಾರುವಾಗ ಅದನ್ನು ಆರ್‌ಸಿ ಜೊತೆ ಕೊಟ್ಟರೆ ಮುಂದಿನವನಿಗೆ ತಲೆಬಿಸಿ ಇಲ್ಲ.

ಭಾಗ ಇನ್ನೂ ಬಂದಿಲ್ಲ, ಮುಂದಿನ ತಿಂಗಳು ಬನ್ನಿ ಎಂದು ಅಲೆದಾಡಿಸಿದರೆ ಬಾಯಿಮಾತಿನಲ್ಲಿ ಬಿಡಬೇಡಿ, ಇಮೇಲ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ದೆಹಲಿಯಲ್ಲಿದೆ ಎಂದು ದೆಹಲಿಗೆ ಓಡಬೇಕಿಲ್ಲ. ಮಂಗಳೂರಿನಲ್ಲೂ ಉಡುಪಿಯಲ್ಲೂ ಆಯೋಗ ಇದೆ. ಏರ್‌ಬ್ಯಾಗ್ ತೆರೆಯದ ಪ್ರಕರಣವೊಂದರಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕುತ್ತ, ವೇಗ ಮತ್ತು ಬಲದ ಸೂತ್ರಗಳನ್ನು ಲೆಕ್ಕ ಹಾಕಿ ಕಾರು ಕೊಳ್ಳಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂಬರ್ಥದ ಮಾತು ಹೇಳಿತ್ತು. ರಿಕಾಲ್ ಆಗಿಯೂ ಭಾಗ ಬದಲಿಸಿಕೊಡದ ಕಂಪನಿಯ ಎದುರು ವಾದಿಸುವ ವಕೀಲರಿಗೆ ಆ ತೀರ್ಪು ಉಪಯೋಗಕ್ಕೆ ಬರುತ್ತದೆ. ಭಾಗ ಬರುವ ತನಕ ಆ ಕಾರಿನ ಮುಂದಿನ ಎಡಸೀಟಿನಲ್ಲಿ ಯಾರನ್ನೂ ಕೂರಿಸದಿದ್ದರೆ ಒಳ್ಳೆಯದು. ಡ್ರೈವರ್ ಕಡೆಯದ್ದೇ ಬಾಕಿಯಿದ್ದರೆ, ಮನೆಯಲ್ಲಿ ಇನ್ನೊಂದು ವಾಹನ ಇರುವಾಗ ಅದನ್ನೇ ತೆಗೆಯಿರಿ.